ತೋಳನ್ನು ಮೇಲಿನಿಂದ ಕೆಳಕ್ಕೆ ಯಾಕೆ ಹೆಣೆದರು?

ಸ್ವೆಟರ್ ಕೈಗೆ ಬಂದ ತಕ್ಷಣ ನಾವೆಲ್ಲ ಮೊದಲು ನೋಡುವುದು ಡಿಸೈನ್. ನಕ್ಷತ್ರ ಚೆನ್ನಾಗಿ ಬಂದಿದೆಯಾ, ಜಡೆ ಎದ್ದು ಕಾಣುತ್ತಾ, ಬಣ್ಣ ಹೊಂದಿದೆಯಾ ಅಂತ. ಹೆಣಿಗೆ ಗೊತ್ತಿರುವವರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ. ಸುಮ್ನೆ ಒಳಗಡೆ ತಿರುಗಿಸಿ ನೋಡುತ್ತಾರೆ. ಇವತ್ತು ನಾವು ಈ ತಿರುಗಿಸಿ ನೋಡುವ ಕೆಲಸವನ್ನೇ ಮಾಡೋಣ.

ಬೇರೆ ಬೇರೆ ನಾಡಿನ ಸ್ವೆಟರ್‌ಗಳನ್ನು ನೋಡಿ ನಮ್ಮದೇ ಒಂದು ಹೆಣೆಯಬೇಕು ಅನ್ನಿಸುವುದು ಸಹಜ. ಆಗ ಮೇಲಿನ ಚಿತ್ರವನ್ನಷ್ಟೇ ತೆಗೆದುಕೊಂಡರೆ ಅರ್ಧ ಮಾತ್ರ ಸಿಕ್ಕ ಹಾಗೆ. ಆ ಚಿತ್ರ ಎದೆಯ ಮೇಲೆಯೇ ಯಾಕೆ ಬಂತು, ಸೊಂಟದ ಹತ್ತಿರ ಯಾಕೆ ಇಲ್ಲ, ಎರಡೇ ಬಣ್ಣ ಯಾಕೆ, ತೋಳು ಯಾವ ಕಡೆಯಿಂದ ಶುರುವಾಗಿದೆ, ಇದನ್ನೆಲ್ಲ ಕೇಳಬೇಕು. ಕೇಳುತ್ತಾ ಹೋದರೆ ಕಾರಣ ಸಿಗುತ್ತದೆ. ಕುರಿ, ಕಡಲು, ಕೂಲಿ, ಈ ಮೂರರಲ್ಲಿ ಒಂದಾದರೂ ಅಲ್ಲಿ ಇರುತ್ತದೆ. ಕಾರಣ ತಿಳಿದರೆ ಡಿಸೈನನ್ನು ನಮ್ಮ ಮೈಗೆ, ನಮ್ಮ ನೂಲಿಗೆ ತಕ್ಕ ಹಾಗೆ ಬದಲಿಸುವ ಧೈರ್ಯ ಬರುತ್ತದೆ. ಇಲ್ಲದಿದ್ದರೆ ಬೇರೆಯವರ ಚಾರ್ಟನ್ನು ಒಂದೊಂದೇ ಚೌಕ ಎಣಿಸಿ ನಕಲು ಮಾಡುವುದೇ ಆಗುತ್ತದೆ.

ಮೊದಲು ಬ್ರಿಟನ್ ಕರಾವಳಿಯ ಮೀನುಗಾರರ ಸ್ವೆಟರ್ ತೆಗೆದುಕೊಳ್ಳೋಣ. ಇದಕ್ಕೆ ಗ್ಯಾನ್ಸಿ ಅಂತಾರೆ. ಗರ್ನ್‌ಸಿ ಅಂತಲೂ ಕರೆಯುವುದುಂಟು. ಒಂದೇ ಬಣ್ಣ, ಹೆಚ್ಚಾಗಿ ಕಡು ನೀಲಿ. ಐದು ಎಳೆ ಸೇರಿಸಿ ಗಟ್ಟಿಯಾಗಿ ಹುರಿ ಮಾಡಿದ ಉಣ್ಣೆ ನೂಲು, ಸಣ್ಣ ಉಕ್ಕಿನ ಕಡ್ಡಿ, ಬಿಗಿಯಾದ ಹೆಣಿಗೆ. ಅದು ಎಷ್ಟು ಬಿಗಿ ಅಂದರೆ ಗಾಳಿ ಸುಲಭಕ್ಕೆ ಒಳಗೆ ಬರುವುದಿಲ್ಲ, ಎರಚಿದ ನೀರು ಕೂಡಲೇ ಇಳಿಯುವುದಿಲ್ಲ. ಡಿಸೈನ್ ಹೆಚ್ಚಾಗಿ ನಿಟ್ ಮತ್ತು ಪರ್ಲ್‌ನಲ್ಲಿ, ಅಂದರೆ ಸೀದಾ ಮತ್ತು ಉಲ್ಟಾ ಕುಣಿಕೆಗಳಲ್ಲಿ, ಅಲ್ಲಲ್ಲಿ ಜಡೆಯೂ ಉಂಟು. ಹಗ್ಗ, ಏಣಿ, ಲಂಗರು, ಬಾವುಟ, ಮೀನಿನ ಮುಳ್ಳು. ದಿನಾ ಕಣ್ಣೆದುರು ಇದ್ದ ವಸ್ತುಗಳೇ ಎದೆಯ ಮೇಲೆ ಬಂದವು.

ಎದೆಯ ಮೇಲೆ ಅಂದೆ ಅಲ್ವಾ, ಅಲ್ಲೇ ನೋಡಿ. ಹೆಚ್ಚಿನ ಗ್ಯಾನ್ಸಿಗಳಲ್ಲಿ ಹೊಟ್ಟೆಯ ಭಾಗ ಸಪಾಟಾಗಿರುತ್ತದೆ. ಡಿಸೈನ್ ಶುರುವಾಗುವುದು ಎದೆಯಿಂದ. ಸೀದಾ ಉಲ್ಟಾ ಬೆರೆಸಿ ಹೆಣೆದ ಬಟ್ಟೆ ಬರೀ ಸೀದಾ ಹೆಣಿಗೆಗಿಂತ ದಪ್ಪ, ಅದರ ಉಬ್ಬು ತಗ್ಗುಗಳಲ್ಲಿ ಗಾಳಿ ನಿಲ್ಲುತ್ತದೆ. ಬೆಚ್ಚಗೆ ಬೇಕಾದದ್ದು ಎದೆಗೆ. ಅಲ್ಲಿ ದಪ್ಪ ಹೆಣಿಗೆ, ಕೆಳಗೆ ಬೇಗ ಮುಗಿಯುವ ಸಾದಾ ಹೆಣಿಗೆ. ಅಂದಕ್ಕೂ ಆಯಿತು, ಕೆಲಸಕ್ಕೂ ಆಯಿತು.

ಈಗ ತೋಳು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮಲ್ಲಿ ಬಹಳ ಜನ ತೋಳನ್ನು ಮಣಿಕಟ್ಟಿನಿಂದ ಶುರು ಮಾಡಿ ಮೇಲಕ್ಕೆ ಹೆಣೆದು, ಆಮೇಲೆ ಭುಜಕ್ಕೆ ಹೊಲಿಯುತ್ತೇವೆ. ಗ್ಯಾನ್ಸಿಯಲ್ಲಿ ಹಾಗಲ್ಲ. ಮೈಭಾಗ ಮುಗಿದ ಮೇಲೆ ತೋಳಿನ ಕಿಂಡಿಯ ಸುತ್ತ ಕುಣಿಕೆ ಎತ್ತಿಕೊಂಡು, ಭುಜದಿಂದ ಮಣಿಕಟ್ಟಿನ ಕಡೆಗೆ ಇಳಿಯುತ್ತಾ ಹೆಣೆಯುತ್ತಾರೆ. ಕಾರಣ ಇಷ್ಟೇ. ಹೆಣಿಗೆ ಸಲೀಸಾಗಿ ಬಿಚ್ಚುವುದು ಮುಗಿಸಿದ ತುದಿಯಿಂದ. ಶುರು ಮಾಡಿದ ತುದಿಯಿಂದ ಬಿಚ್ಚಲು ಹೋದರೆ ಪ್ರತಿ ಸಾಲಿನಲ್ಲೂ ಸಿಕ್ಕಿಕೊಳ್ಳುತ್ತದೆ. ಬಲೆ ಎಳೆಯುವವನ ಸ್ವೆಟರ್‌ನಲ್ಲಿ ಮೊದಲು ಸವೆಯುವುದು ಮಣಿಕಟ್ಟು, ಆಮೇಲೆ ಮೊಣಕೈ. ತೋಳು ಮೇಲಿನಿಂದ ಬಂದಿದ್ದರೆ ಸವೆದ ತುದಿಯನ್ನು ಬಿಚ್ಚಿ, ಹೊಸ ನೂಲು ಸೇರಿಸಿ, ಮತ್ತೆ ಹೆಣೆದುಬಿಡಬಹುದು. ಇಡೀ ತೋಳು ಕೀಳಬೇಕಿಲ್ಲ. ಅದಕ್ಕೇ ತೋಳಿನ ಡಿಸೈನ್ ಕೂಡ ಮೇಲಿನ ಭಾಗದಲ್ಲೇ ನಿಂತುಬಿಡುತ್ತದೆ. ಮತ್ತೆ ಮತ್ತೆ ಹೆಣೆಯಬೇಕಾದ ಕಡೆ ಯಾರು ಡಿಸೈನ್ ಹಾಕುತ್ತಾರೆ? ತೋಳನ್ನು ಸ್ವಲ್ಪ ಗಿಡ್ಡವೂ ಮಾಡುತ್ತಿದ್ದರು. ಉಪ್ಪುನೀರಿನಲ್ಲಿ ನೆನೆದ ಉಣ್ಣೆ ಮಣಿಕಟ್ಟಿಗೆ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ.

ಕಂಕುಳಲ್ಲಿ ವಜ್ರದ ಆಕಾರದ ಒಂದು ಸಣ್ಣ ತುಂಡು ಇರುತ್ತದೆ. ಈ ಸ್ವೆಟರನ್ನು ಹಿಂದಿನ ಸಾಲಿಗೆ ಕಳಿಸುತ್ತೇನೆ, ಬೆರಳು ಇಟ್ಟು ನೋಡಿ. ಪಕ್ಕದಲ್ಲಿ ಒಂದು ಕುಣಿಕೆಯಿಂದ ಶುರುವಾಗಿ, ಅಗಲವಾಗುತ್ತಾ ಹೋಗಿ, ತೋಳಿನೊಳಗೆ ಮತ್ತೆ ಸಣ್ಣದಾಗಿ ಮುಗಿಯುತ್ತದೆ. ಅದು ಇಲ್ಲದಿದ್ದರೆ ಕೈ ಎತ್ತಿದಾಗ ಇಡೀ ಸ್ವೆಟರ್ ಮೇಲೆ ಏಳುತ್ತದೆ, ಸೊಂಟ ಬಯಲಾಗುತ್ತದೆ. ಇದು ಇದ್ದರೆ ಕೈ ಮಾತ್ರ ಏಳುತ್ತದೆ. ನೀವು ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವವರಾಗಿರಲಿ, ಕಪ್ಪು ಹಲಗೆಯ ಮೇಲೆ ಬರೆಯುವವರಾಗಿರಲಿ, ಈ ತುಂಡು ನಿಮಗೂ ಬೇಕು. ಗ್ಯಾನ್ಸಿಯಿಂದ ಒಂದೇ ಒಂದು ವಿಷಯ ತೆಗೆದುಕೊಳ್ಳಿ ಅಂದರೆ ನಾನು ಲಂಗರಿನ ಚಿತ್ರಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.

ಮುಂಭಾಗ ಹಿಂಭಾಗ ಎರಡೂ ಒಂದೇ ತರಹ ಇರುವುದು ಇನ್ನೊಂದು ಜಾಣತನ. ತಿರುಗಿಸಿ ಹಾಕಿಕೊಂಡರೆ ಮೊಣಕೈ ಒಂದೇ ಕಡೆ ಸವೆಯುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಈ ಡಿಸೈನ್‌ಗಳು ಊರಿಂದ ಊರಿಗೆ ಹೇಗೆ ಹೋದವು ಗೊತ್ತಾ? ಹೆರಿಂಗ್ ಮೀನಿನ ಹಿಂಡು ಕಾಲಕ್ಕೆ ತಕ್ಕ ಹಾಗೆ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತಿತ್ತು. ದೋಣಿಗಳು ಅದರ ಹಿಂದೆ. ದೋಣಿಗಳ ಹಿಂದೆ ದಡದಲ್ಲಿ ಹೆಣ್ಣುಮಕ್ಕಳು. ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳಿಂದ ಶುರುಮಾಡಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್‌ವರೆಗೆ ಅವರು ಬಂದರಿನಿಂದ ಬಂದರಿಗೆ ಹೋಗುತ್ತಿದ್ದರು. ಮೀನು ಸೀಳಿ, ಕರುಳು ತೆಗೆದು, ಉಪ್ಪು ಹಾಕಿ ಪೀಪಾಯಿಗೆ ತುಂಬುವುದು ಅವರ ಕೆಲಸ. ಚಾಕು ತಾಗದಿರಲಿ ಅಂತ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಆ ಕೆಲಸ ಮುಗಿದ ಮೇಲೆ ಅದೇ ಬೆರಳುಗಳಲ್ಲಿ ಕಡ್ಡಿ ಹಿಡಿದು, ನಡೆಯುತ್ತಾ, ಮಾತಾಡುತ್ತಾ ಹೆಣೆಯುತ್ತಿದ್ದರು. ಪಕ್ಕದವಳ ಡಿಸೈನ್ ಚೆನ್ನಾಗಿ ಕಂಡರೆ ಕಲಿತುಬಿಡುತ್ತಿದ್ದರು. ಹಾಗಾಗಿ ಇದು ಈ ಊರಿನದ್ದು ಮಾತ್ರ, ಅದು ಆ ಊರಿನದ್ದು ಮಾತ್ರ ಅಂತ ಗೆರೆ ಎಳೆಯುವುದು ಕಷ್ಟ. ಆ ಹೆಣ್ಣುಮಕ್ಕಳ ಹೆಸರು ಯಾವ ಸ್ವೆಟರ್‌ನಲ್ಲೂ ಇಲ್ಲ. ಹಾಕಿಕೊಳ್ಳುವ ಗಂಡಸಿನ ಹೆಸರಿನ ಮೊದಲಕ್ಷರ ಕೆಳಗಿನ ಅಂಚಿನ ಹತ್ತಿರ ಇರುವುದುಂಟು. ಈ ವಿಷಯ ನನಗೆ ಯಾವಾಗಲೂ ಮನಸ್ಸಿಗೆ ಚುಚ್ಚುತ್ತದೆ.

ಊರಿನ ಡಿಸೈನ್ ಮಾತು ಬಂತಲ್ಲ, ಆರನ್ ಸ್ವೆಟರ್ ಕಡೆ ಹೋಗೋಣ. ಐರ್ಲೆಂಡಿನ ಪಶ್ಚಿಮಕ್ಕೆ, ಗಾಲ್ವೇ ಕೊಲ್ಲಿಯ ಬಾಯಿಯಲ್ಲಿ ಮೂರು ದ್ವೀಪಗಳಿವೆ. ಇನಿಷ್ ಮೋರ್, ಇನಿಷ್ ಮಾನ್, ಇನಿಷ್ ಈರ್. ಕೆನೆ ಬಣ್ಣದ ದಪ್ಪ ನೂಲು, ಮೈತುಂಬ ಜಡೆಗಳು, ಜೇನುಗೂಡು, ವಜ್ರ. ಇದರ ಜೊತೆಗೆ ಒಂದು ಕಥೆಯನ್ನೂ ಕೊಡುತ್ತಾರೆ. ಪ್ರತಿ ಮನೆತನಕ್ಕೂ ಒಂದೊಂದು ಡಿಸೈನ್ ಇತ್ತಂತೆ. ಕಡಲಲ್ಲಿ ಮುಳುಗಿದವರ ದೇಹ ಎಲ್ಲೋ ದಡಕ್ಕೆ ಬಂದರೆ, ಸ್ವೆಟರ್ ನೋಡಿ ಇಂಥವರ ಮಗ ಅಂತ ಗುರುತು ಹಿಡಿಯುತ್ತಿದ್ದರಂತೆ. ಸಾವಿರಾರು ವರ್ಷದ ಪರಂಪರೆಯಂತೆ.

ಕಥೆ ಮನಸ್ಸಿಗೆ ತಟ್ಟುತ್ತದೆ. ಆದರೆ ಇದಕ್ಕೆ ಆಧಾರ ಇಲ್ಲ. ನಮಗೆ ಗೊತ್ತಿರುವ ಆರನ್ ಸ್ವೆಟರ್ ರೂಪುಗೊಂಡದ್ದು 20ನೇ ಶತಮಾನದಲ್ಲಿ. ದ್ವೀಪದ ಹೆಂಗಸರು ಗ್ಯಾನ್ಸಿಯನ್ನು ನೋಡಿದ್ದರು, ಅದನ್ನು ದಪ್ಪ ನೂಲಿನಲ್ಲಿ, ಇನ್ನೂ ಹೆಚ್ಚು ಜಡೆ ಹಾಕಿ ಬೆಳೆಸಿದರು. ಆಮೇಲೆ ಮಾರಾಟಕ್ಕೆ ಹೆಣೆದರು. ಡಬ್ಲಿನ್‌ನಲ್ಲಿ ಮ್ಯುರಿಯಲ್ ಗಾಹನ್ ಎಂಬಾಕೆ 1930ರಲ್ಲಿ ಹಳ್ಳಿಯ ಕೈಕೆಲಸಗಳಿಗಾಗಿ ಒಂದು ಅಂಗಡಿ ತೆರೆದರು. ಈ ಸ್ವೆಟರ್‌ಗಳು ಪೇಟೆಯವರ ಕಣ್ಣಿಗೆ ಬೀಳಲು ಅಂಥ ಅಂಗಡಿಗಳು ದಾರಿ ಮಾಡಿದವು.

ಹಾಗಾದರೆ ಮುಳುಗಿದವರ ಕಥೆ ಎಲ್ಲಿಂದ ಬಂತು? ಅದರ ಒಂದು ಬೇರು ನಾಟಕದಲ್ಲಿದೆ. ಜೆ.ಎಂ. ಸಿಂಜ್ ಈ ದ್ವೀಪಗಳ ಬದುಕನ್ನು ನೋಡಿ ಬರೆದ ಒಂದು ನಾಟಕ 1904ರಲ್ಲಿ ರಂಗಕ್ಕೆ ಬಂತು. ಅದರಲ್ಲಿ ಮುಳುಗಿ ಸತ್ತ ಅಣ್ಣನನ್ನು ತಂಗಿ ಗುರುತಿಸುತ್ತಾಳೆ. ಹೇಗೆ? ಸ್ವೆಟರ್‌ನಿಂದಲ್ಲ. ಕಾಲುಚೀಲದಿಂದ. ತಾನೇ ಹೆಣೆದದ್ದು, ಅರವತ್ತು ಕುಣಿಕೆ ಹಾಕಿ ಅದರಲ್ಲಿ ನಾಲ್ಕು ಬಿಟ್ಟಿದ್ದೆ ಅಂತ ಅವಳಿಗೆ ನೆನಪಿದೆ. ಆ ಲೆಕ್ಕದಿಂದ ಗುರುತು ಸಿಗುತ್ತದೆ. ಹೆಣೆಯುವವರಿಗೆ ಈ ಜಾಗ ಓದುವಾಗ ಮೈ ಜುಂ ಅನ್ನುತ್ತದೆ. ಮನೆತನದ ಗುರುತು ಇಲ್ಲಿ ಇಲ್ಲವೇ ಇಲ್ಲ. ತಾನು ಹೆಣೆದ ಒಂದೊಂದು ಕುಣಿಕೆಯನ್ನೂ ನೆನಪಿಟ್ಟುಕೊಂಡ ಒಬ್ಬ ಹುಡುಗಿ ಇದ್ದಾಳೆ. ನನಗಂತೂ ಮಾರಾಟದ ಕಥೆಗಿಂತ ಇದೇ ದೊಡ್ಡದು. ಮಾರಾಟದ ಕಥೆ ಬಿಟ್ಟರೆ ಆರನ್ ಸ್ವೆಟರ್‌ನ ಬೆಲೆ ಕಡಿಮೆಯಾಗುವುದಿಲ್ಲ. ಕಡು ಬಡತನದ ದ್ವೀಪಗಳಲ್ಲಿ ಹೆಂಗಸರು ತಮ್ಮ ತಲೆಯಿಂದ ಹೊಸ ಡಿಸೈನ್ ಹುಟ್ಟಿಸಿ, ಅದರಿಂದ ಮನೆಗೆ ಕಾಸು ತಂದರು. ಇದು ನಿಜವಾಗಿ ನಡೆದದ್ದು.

ಆರನ್ ತರಹ ಹೆಣೆಯಬೇಕು ಅನ್ನುವವರಿಗೆ ಒಂದು ಎಚ್ಚರಿಕೆ. ಜಡೆ ಹಾಕುವಾಗ ಕುಣಿಕೆಗಳು ಒಂದರ ಮೇಲೊಂದು ದಾಟುತ್ತವೆ, ಆಗ ಬಟ್ಟೆ ಅಗಲದಲ್ಲಿ ಕುಗ್ಗುತ್ತದೆ. ಸಾದಾ ಹೆಣಿಗೆಯಲ್ಲಿ ಇಂಚಿಗೆ 5 ಕುಣಿಕೆ ಬರುವ ನೂಲಿನಲ್ಲಿ ಜಡೆಯ ಜಾಗದಲ್ಲಿ 6 ಅಥವಾ 7 ಬರಬಹುದು. ಸಾದಾ ತುಂಡಿನ ಲೆಕ್ಕ ಹಿಡಿದು ಇಡೀ ಮೈ ಜಡೆ ಹಾಕಿದರೆ ಸ್ವೆಟರ್ ಬಿಗಿಯಾಗುತ್ತದೆ. ಸ್ಯಾಂಪಲ್ ತುಂಡನ್ನು ಜಡೆ ಹಾಕಿಯೇ ಹೆಣೆಯಿರಿ. ನೂಲೂ ಜಾಸ್ತಿ ಬೇಕು. ಸಾದಾ ಸ್ವೆಟರ್‌ಗಿಂತ ಕಾಲು ಭಾಗದಷ್ಟಾದರೂ ಹೆಚ್ಚು ಇಟ್ಟುಕೊಂಡು ಕೂತರೆ ಒಳ್ಳೆಯದು. ಮತ್ತೆ, ಕಡು ಬಣ್ಣದ ನೂಲಿನಲ್ಲಿ ಜಡೆ ಮುಳುಗಿಹೋಗುತ್ತದೆ. ಉಬ್ಬಿನ ನೆರಳು ಕಾಣಬೇಕಾದರೆ ತಿಳಿ ಬಣ್ಣವೇ ಸರಿ.

ಈಗ ಬಣ್ಣದ ಕಡೆಗೆ. ಸ್ಕಾಟ್ಲೆಂಡಿನ ಉತ್ತರಕ್ಕೆ, ಶೆಟ್‌ಲ್ಯಾಂಡ್ ಮತ್ತು ಆರ್ಕ್ನಿ ನಡುವೆ, ಫೇರ್ ಐಲ್ ಅಂತ ಸುಮಾರು 5 ಕಿಲೋಮೀಟರ್ ಉದ್ದದ ಒಂದು ದ್ವೀಪ ಇದೆ. ಜನ ಕೆಲವು ಡಜನ್ ಅಷ್ಟೇ. ಅಷ್ಟು ಸಣ್ಣ ಜಾಗದ ಹೆಸರು ಇವತ್ತು ಎರಡು ಬಣ್ಣದ ಹೆಣಿಗೆಗೆಲ್ಲ ಅಂಟಿಕೊಂಡಿದೆ. 1922ರಲ್ಲಿ ಬ್ರಿಟನ್ನಿನ ಆಗಿನ ಯುವರಾಜ, ಮುಂದೆ ಎಂಟನೇ ಎಡ್ವರ್ಡ್ ಆದವನು, ಸೇಂಟ್ ಆಂಡ್ರೂಸ್‌ನಲ್ಲಿ ಗಾಲ್ಫ್ ಆಡುವಾಗ ಫೇರ್ ಐಲ್ ಸ್ವೆಟರ್ ಹಾಕಿಕೊಂಡ. ಅಲ್ಲಿಂದ ಅದು ಫ್ಯಾಷನ್ ಆಯಿತು.

ಆದರೆ ಇದಕ್ಕೆ ಐವತ್ತು ವರ್ಷ ಮೊದಲು ಶೆಟ್‌ಲ್ಯಾಂಡ್‌ನಲ್ಲಿ ಹೆಣೆಯುವವರ ಸ್ಥಿತಿ ಹೇಗಿತ್ತು ಅಂತಲೂ ತಿಳಿದಿರಬೇಕು. ಹೆಂಗಸರು ಹೆಣೆದದ್ದನ್ನು ವ್ಯಾಪಾರಿಗೆ ಕೊಡುತ್ತಿದ್ದರು. ಅವನು ದುಡ್ಡು ಕೊಡುತ್ತಿರಲಿಲ್ಲ, ಅಂಗಡಿಯ ಸಾಮಾನು ಕೊಡುತ್ತಿದ್ದ. ಚಹಾ, ಬಟ್ಟೆ, ಅವನಿಗೆ ಖರ್ಚಾಗಬೇಕಾದದ್ದು. ಈ ಪದ್ಧತಿಯ ಬಗ್ಗೆ ಸರ್ಕಾರವೇ 1872ರಲ್ಲಿ ವಿಚಾರಣೆ ನಡೆಸಿತು. ಹೆಣೆಯುವ ಹೆಂಗಸರು ಬಂದು ಸಾಕ್ಷಿ ಹೇಳಿದರು. ಕೈ ತುಂಬ ಕೆಲಸ ಇದ್ದರೂ ಕೈಯಲ್ಲಿ ಕಾಸಿಲ್ಲದ ಬದುಕು ಅದು.

ತಂತ್ರದ ವಿಷಯಕ್ಕೆ ಬಂದರೆ ಫೇರ್ ಐಲ್‌ನಲ್ಲಿ ಒಂದು ನಿಯಮ ಇದೆ. ಒಂದು ಸಾಲಿನಲ್ಲಿ ಎರಡೇ ಬಣ್ಣ. ದೂರದಿಂದ ಹತ್ತು ಬಣ್ಣ ಕಾಣುತ್ತದೆ, ಆದರೆ ಯಾವ ಸಾಲನ್ನು ಹಿಡಿದು ನೋಡಿದರೂ ಎರಡೇ. ಹಿನ್ನೆಲೆಯ ಬಣ್ಣವೂ ಸಾಲಿನಿಂದ ಸಾಲಿಗೆ ಬದಲಾಗುತ್ತದೆ, ಹೂವಿನ ಬಣ್ಣವೂ ಬದಲಾಗುತ್ತದೆ. ಅದರಿಂದಲೇ ಆ ಹೊಳಪು. ಕೈಯಲ್ಲಿ ಎರಡೇ ನೂಲು ಇರುವುದರಿಂದ ಬೇಗನೆ ಹೆಣೆಯಬಹುದು. ಇನ್ನೊಂದು ಗಮನಿಸಿ. ಚಿತ್ರಗಳಲ್ಲಿ ಓರೆ ಗೆರೆಗಳು ಜಾಸ್ತಿ. ಒಂದೇ ಬಣ್ಣ ಬಹಳ ದೂರ ಓಡುವುದಿಲ್ಲ. ಯಾಕೆಂದರೆ ಮುಂದೆ ಕಾಣದ ಬಣ್ಣದ ನೂಲು ಹಿಂದೆ ಸಡಿಲವಾಗಿ ಓಡುತ್ತಿರುತ್ತದೆ. ಅದು ಉದ್ದವಾದರೆ ಬೆರಳು, ಉಂಗುರ ಸಿಕ್ಕಿಕೊಳ್ಳುತ್ತದೆ. ಬಿಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ. ನೀವೇ ಚಿತ್ರ ಬರೆದುಕೊಳ್ಳುವಾಗ ಒಂದು ಬಣ್ಣ ಸುಮಾರು ಒಂದು ಇಂಚಿಗಿಂತ ಹೆಚ್ಚು ದೂರ ಮರೆಯಾಗಿರದ ಹಾಗೆ ನೋಡಿಕೊಳ್ಳಿ. ಹಳಬರು ಈ ನಿಯಮವನ್ನು ಎಲ್ಲೂ ಬರೆದಿಡದೆ ಡಿಸೈನ್‌ನೊಳಗೇ ಇಟ್ಟಿದ್ದಾರೆ.

ಎರಡು ನೂಲು ಹಿಡಿಯುವಾಗ ಒಂದು ಮೇಲಿನಿಂದ ಬರುತ್ತದೆ, ಒಂದು ಕೆಳಗಿನಿಂದ. ಕೆಳಗಿನಿಂದ ಬರುವ ಬಣ್ಣದ ಕುಣಿಕೆ ಒಂದಿಷ್ಟು ದೊಡ್ಡದಾಗಿ, ಎದ್ದು ಕಾಣುತ್ತದೆ. ಹೂವಿನ ಬಣ್ಣ ಕೆಳಗಿರಲಿ, ಹಿನ್ನೆಲೆ ಮೇಲಿರಲಿ. ಮೊದಲಿಂದ ಕೊನೆಯವರೆಗೆ ಅದನ್ನು ಬದಲಿಸಬೇಡಿ. ನಡುವೆ ಅದಲುಬದಲಾದರೆ ಅದೇ ನೂಲು, ಅದೇ ಚಿತ್ರ, ಆದರೂ ಏನೋ ಮಸುಕಾದ ಹಾಗೆ ಒಂದು ಪಟ್ಟಿ ಕಾಣುತ್ತದೆ. ಬಣ್ಣ ಆರಿಸುವಾಗ ಫೋನಿನಲ್ಲಿ ನೂಲುಗಳ ಕಪ್ಪು ಬಿಳುಪು ಫೋಟೊ ತೆಗೆಯಿರಿ. ಎರಡೂ ಒಂದೇ ಬೂದಿಯಾಗಿ ಕಂಡರೆ ಆ ಜೋಡಿಯಲ್ಲಿ ಚಿತ್ರ ಕಾಣುವುದಿಲ್ಲ. ಕೆಂಪು ಮತ್ತು ಹಸಿರು ಈ ವಿಷಯದಲ್ಲಿ ತುಂಬಾ ಮೋಸ ಮಾಡುತ್ತವೆ.

ಇನ್ನು ಕತ್ತರಿ. ಹೌದು, ಹೆಣೆದ ಸ್ವೆಟರನ್ನು ಕತ್ತರಿಸುತ್ತಾರೆ. ಎರಡು ಬಣ್ಣದಲ್ಲಿ ಉಲ್ಟಾ ಸಾಲು ಹೆಣೆಯುವುದು ನಿಧಾನ. ಹಾಗಾಗಿ ಶೆಟ್‌ಲ್ಯಾಂಡ್‌ನವರು ಇಡೀ ಮೈಯನ್ನು ಕೊಳವೆಯ ಹಾಗೆ ಸುತ್ತ ಸುತ್ತ ಹೆಣೆಯುತ್ತಾ ಹೋಗುತ್ತಾರೆ. ಚಿತ್ರ ಸದಾ ಕಣ್ಣಮುಂದೆ ಇರುತ್ತದೆ. ತೋಳು, ಕತ್ತು, ಮುಂದಿನ ಗುಂಡಿಪಟ್ಟಿ ಬರಬೇಕಾದ ಕಡೆ ಎಂಟು ಹತ್ತು ಕುಣಿಕೆ ಹೆಚ್ಚಿಗೆ ಹಾಕಿ ಸೇತುವೆ ಕಟ್ಟುತ್ತಾರೆ. ಇದಕ್ಕೆ ಸ್ಟೀಕ್ ಅಂತ ಹೆಸರು. ಎಲ್ಲ ಮುಗಿದ ಮೇಲೆ ಆ ಸೇತುವೆಯ ನಡುವೆ ಕತ್ತರಿ ಹಾಕುತ್ತಾರೆ. ಬಿಚ್ಚಿಹೋಗುವುದಿಲ್ಲವೇ? ಶೆಟ್‌ಲ್ಯಾಂಡ್ ಕುರಿಯ ಉಣ್ಣೆ ಒಂದಕ್ಕೊಂದು ಅಂಟಿಕೊಳ್ಳುವ ಗುಣದ್ದು. ಹೆಣಿಗೆ ಅಡ್ಡಡ್ಡವಾಗಿ ಬಿಚ್ಚುವುದೂ ಇಲ್ಲ. ಅಂಚನ್ನು ಒಳಕ್ಕೆ ಮಡಚಿ ಹೊಲಿದರೆ ಸಾಕು, ತೊಡುತ್ತಾ ತೊಡುತ್ತಾ ಅದು ಕೂಡಿಕೊಳ್ಳುತ್ತದೆ.

ಕೇಳಿ, ಇಲ್ಲಿ ಕುರಿ ಎಷ್ಟು ಮುಖ್ಯ ಅಂತ. ಇದೇ ಕೆಲಸವನ್ನು ಅಕ್ರಿಲಿಕ್ ನೂಲಿನಲ್ಲೋ, ಹತ್ತಿಯಲ್ಲೋ, ಮೆಷಿನ್‌ನಲ್ಲಿ ಒಗೆಯಬಹುದು ಅಂತ ನುಣುಪು ಮಾಡಿದ ಉಣ್ಣೆಯಲ್ಲೋ ಹಾಗೇ ಮಾಡಿದರೆ ಕುಣಿಕೆ ಜಾರುತ್ತದೆ. ಅಂಥ ನೂಲಾದರೆ ಕತ್ತರಿಸುವ ಮೊದಲು ಗೆರೆಯ ಎರಡೂ ಕಡೆ ಹೊಲಿಗೆ ಮೆಷಿನ್‌ನಲ್ಲಿ ಎರಡೆರಡು ಸಾಲು ಹೊಲಿಗೆ ಹಾಕಲೇಬೇಕು. ನಾರ್ವೆಯವರು ಉಣ್ಣೆಗೂ ಹಾಗೆ ಮೆಷಿನ್ ಹೊಲಿಗೆ ಹಾಕಿಯೇ ಕತ್ತರಿಸುವುದು ವಾಡಿಕೆ.

ನಾರ್ವೆಯನ್ನು ಬೇಗ ದಾಟುತ್ತೇನೆ. ಸೆಟೆಸ್ಡಾಲ್ ಕಣಿವೆಯ ಕಪ್ಪು ಸ್ವೆಟರ್, ಮೈತುಂಬ ಬಿಳಿ ಚುಕ್ಕಿ. ಆ ಚುಕ್ಕಿಗೆ ಅಲ್ಲಿಯವರು ಹೇನು ಅಂತಲೇ ಅನ್ನುತ್ತಾರೆ. ಹಳೆಯವುಗಳಲ್ಲಿ ಕೆಳಗಿನ ಒಂದು ಭಾಗ ಬರೀ ಬಿಳಿ. ಅದು ಪ್ಯಾಂಟಿನೊಳಗೆ ಹೋಗುವ ಭಾಗ. ಕಾಣದ ಜಾಗಕ್ಕೆ ಚುಕ್ಕಿ ಯಾಕೆ? 1953ರಲ್ಲಿ ಉನ್ ಸೋಯ್ಲಾಂಡ್ ಎಂಬ ವಿನ್ಯಾಸಕಿ ಈ ಸೆಟೆಸ್ಡಾಲ್ ಮಾದರಿಯ ಪಟ್ಟಿಗಳನ್ನು ತೆಗೆದುಕೊಂಡು, ಸರಳ ಮಾಡಿ, ನೀಲಿ ಬಿಳಿ ಕೆಂಪಿನಲ್ಲಿ ಹೊಸ ಸ್ವೆಟರ್ ಮಾಡಿದರು. ಸ್ಕೀ ಆಟಗಾರ ಮಾರಿಯಸ್ ಎರಿಕ್ಸನ್ ಹೆಸರಿನಲ್ಲಿ ಅದು ಮಾರಿಯಸ್ ಸ್ವೆಟರ್ ಆಯಿತು. ಸ್ಫೂರ್ತಿ ಪಡೆಯುವುದು ಅಂದರೆ ಹೇಗೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಇದು. ಮೂಲ ಗೊತ್ತಾಗುತ್ತದೆ, ಆದರೂ ನಕಲು ಅಲ್ಲ.

ಎಂಟು ಮೂಲೆಯ ನಕ್ಷತ್ರ ಸೆಲ್ಬು ಎಂಬ ಊರಿನ ಕೈಗವಸುಗಳಿಂದ ನಾರ್ವೆಯ ಗುರುತಾಯಿತು. 1857ರಲ್ಲಿ ಮಾರಿತ್ ಎಂಬ ಹುಡುಗಿ ಕಪ್ಪು ಬಿಳುಪಿನಲ್ಲಿ ಹೆಣೆದು ಶುರುಮಾಡಿದಳು ಅಂತ ಅಲ್ಲಿ ಹೇಳುತ್ತಾರೆ. ಆ ನಕ್ಷತ್ರ ಮಾತ್ರ ನೇಯ್ಗೆಯಲ್ಲಿ, ಕಸೂತಿಯಲ್ಲಿ ಬಹಳ ನಾಡುಗಳಲ್ಲಿ ಇದೆ. ಚೌಕದ ಮೇಲೆ ಚಿತ್ರ ಬರೆಯುವ ಯಾರಿಗಾದರೂ ಅದು ಒಂದು ದಿನ ಸಿಗುತ್ತದೆ.

ಐಸ್‌ಲ್ಯಾಂಡಿನ ಲೋಪಪೇಯ್ಸಾ ನಿಮಗೆ ಗೊತ್ತಿರಬಹುದು. ಕತ್ತಿನ ಸುತ್ತ ಹಾರದ ಹಾಗೆ ಡಿಸೈನ್. ವೈಕಿಂಗರ ಕಾಲದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕುರಿಯ ತಳಿ ಅಷ್ಟು ಹಳೆಯದು ನಿಜ. 9ನೇ ಶತಮಾನದಲ್ಲಿ ಬಂದು ನೆಲೆಸಿದವರ ಜೊತೆ ಬಂದದ್ದು. ಆದರೆ ಈ ಸ್ವೆಟರ್ 20ನೇ ಶತಮಾನದ ಮಧ್ಯದ್ದು. ಆ ಕುರಿಗೆ ಎರಡು ಪದರ ಉಣ್ಣೆ. ಹೊರಗಿನದು ಉದ್ದ, ನೀರು ಜಾರಿಸುತ್ತದೆ. ಒಳಗಿನದು ಮೃದು, ಬೆಚ್ಚಗೆ. ಎರಡನ್ನೂ ಸೇರಿಸಿ, ಹೆಚ್ಚು ಹುರಿ ಮಾಡದೆ ಹೆಣೆಯುತ್ತಾರೆ. ಈ ನೂಲಿಗೆ ಲೋಪಿ ಅಂತಾರೆ. ಒಂದು ಬಗೆಯ ಲೋಪಿಯಂತೂ ಹುರಿಯೇ ಇಲ್ಲದ ಬರೀ ಉಣ್ಣೆಯ ಎಳೆ. ಎಳೆದರೆ ಪಟ್ ಅಂತ ಬಿಟ್ಟುಕೊಳ್ಳುತ್ತದೆ. ತುದಿಗೆ ತುದಿ ಇಟ್ಟು ಅಂಗೈಯಲ್ಲಿ ಉಜ್ಜಿದರೆ ಕೂಡಿಕೊಳ್ಳುತ್ತದೆ. ಹೆಣೆದ ಮೇಲೆ ಗಟ್ಟಿ. ಗಾಳಿ ತುಂಬಿರುವುದರಿಂದ ದಪ್ಪ ಕಂಡರೂ ಹಗುರ.

ಇದರ ಕಟ್ಟಣೆ ಕಲಿಯುವವರಿಗೆ ಬಹಳ ಒಳ್ಳೆಯದು. ಮೈ ಒಂದು ಕೊಳವೆ, ತೋಳು ಎರಡು ಕೊಳವೆ. ಕಂಕುಳಿನ ಮಟ್ಟಕ್ಕೆ ಬಂದಾಗ ಮೂರನ್ನೂ ಒಂದೇ ಉದ್ದ ಕಡ್ಡಿಗೆ ಸೇರಿಸಿ, ಸುತ್ತ ಹೆಣೆಯುತ್ತಾ ಕತ್ತಿನವರೆಗೆ ಕಡಿಮೆ ಮಾಡುತ್ತಾ ಹೋಗುವುದು. ಆ ಕಡಿಮೆ ಮಾಡುವ ಸುತ್ತುಗಳನ್ನು ಒಂದೇ ಬಣ್ಣದ ಜಾಗದಲ್ಲಿ ಬಚ್ಚಿಡುತ್ತಾರೆ. ಹೂವಿನ ನಡುವೆ ಕಡಿಮೆ ಮಾಡಿದರೆ ಹೂ ಸೊಟ್ಟಗಾಗುತ್ತದೆ.

ಸ್ವೀಡನ್ನಿನ ಬೊಹುಸ್ ಹೆಣಿಗೆಯನ್ನೂ ನೋಡಬೇಕು. 1930ರ ದಶಕದಲ್ಲಿ ಅಲ್ಲಿನ ಕಲ್ಲು ಗಣಿಗಳಲ್ಲಿ ಕೆಲಸ ನಿಂತು ಮನೆಗಳು ಕಷ್ಟಕ್ಕೆ ಬಿದ್ದವು. ಆ ಮನೆಗಳ ಹೆಂಗಸರಿಗೆ ದುಡಿಮೆ ಬೇಕು ಅಂತ ಎಮ್ಮಾ ಯಾಕೊಬ್ಸನ್ ಕಟ್ಟಿದ ಸಂಸ್ಥೆ 1939ರಿಂದ 1969ರವರೆಗೆ ನಡೆಯಿತು. ಅವರು ಎರಡು ಬಣ್ಣದ ಸಾಲಿನ ನಡುವೆ ಅಲ್ಲಲ್ಲಿ ಒಂದೊಂದು ಉಲ್ಟಾ ಕುಣಿಕೆ ಹಾಕಿದರು. ಆ ಒಂದು ಉಬ್ಬಿನಿಂದ ಹಿಂದಿನ ಸಾಲಿನ ಬಣ್ಣ ಮೇಲೆ ಎದ್ದು ಬಂದು ಮುಂದಿನ ಬಣ್ಣದ ಜೊತೆ ಬೆರೆಯುತ್ತದೆ. ನೀವು ಮಾಡಿ ನೋಡಿ, ಎಂಥ ಸಾದಾ ಚಿತ್ರಕ್ಕೂ ಜೀವ ಬರುತ್ತದೆ.

ಪೆರುವಿನ ಟಿಟಿಕಾಕಾ ಸರೋವರದ ಟಕೀಲೆ ದ್ವೀಪದಲ್ಲಿ ಹೆಣೆಯುವವರು ಗಂಡಸರು. ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಅಲ್ಲಿನ ಬಟ್ಟೆ ಕಲೆಯನ್ನು ಯುನೆಸ್ಕೊ 2005ರಲ್ಲಿ ಗುರುತಿಸಿತು. ಅವರು ಹೆಣೆಯುವುದು ಟೋಪಿ, ಸ್ವೆಟರ್ ಅಲ್ಲ. ಆದರೂ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಂಡಿಸ್ ಬೆಟ್ಟಗಳಲ್ಲಿ ನೂಲನ್ನು ಕತ್ತಿನ ಸುತ್ತ ಹಾಯಿಸಿ, ಹೆಬ್ಬೆರಳಿಂದ ತಳ್ಳಿ, ಉಲ್ಟಾ ಕಡೆಯಿಂದಲೇ ಹೆಣೆಯುತ್ತಾರೆ. ಹಿಂದೆ ಓಡುವ ಎಳೆಗಳು ಕಣ್ಣೆದುರೇ ಇರುತ್ತವೆ. ಎರಡು ನೂಲು ಬೆರಳಿನಲ್ಲಿ ನಿಲ್ಲುವುದೇ ಇಲ್ಲ ಅನ್ನುವವರು ಇದನ್ನು ಒಮ್ಮೆ ಪ್ರಯತ್ನಿಸಬಹುದು.

ಈಗ ನಾನು ಬಹಳ ಮುಖ್ಯ ಅಂದುಕೊಂಡಿರುವ ಭಾಗ. ಕೆನಡಾದ ಪಶ್ಚಿಮದಲ್ಲಿ ವ್ಯಾಂಕೂವರ್ ದ್ವೀಪ ಇದೆ. ಅಲ್ಲಿನ ಕೌಯಿಚನ್ ಜನ, ಕೋಸ್ಟ್ ಸೇಲಿಷ್ ಬಳಗದವರು, ಯುರೋಪಿನವರು ಬರುವ ಮೊದಲೇ ಬೆಟ್ಟದ ಮೇಕೆಯ ಕೂದಲು ಮತ್ತು ಅದಕ್ಕೆಂದೇ ಸಾಕಿದ ನಾಯಿಯ ಕೂದಲಿನಿಂದ ಕಂಬಳಿ ನೇಯುತ್ತಿದ್ದರು. 19ನೇ ಶತಮಾನದಲ್ಲಿ ಕುರಿ ಬಂತು, ಕಡ್ಡಿ ಬಂತು. ಆ ಹೆಂಗಸರು ನೂಲುವ ತಮ್ಮ ಹಳೆಯ ವಿದ್ಯೆಯನ್ನು ಹೊಸ ಕೆಲಸಕ್ಕೆ ಹಾಕಿದರು. ಕೈಯಲ್ಲಿ ನೂತ ದಪ್ಪ ನೂಲು, ಬಣ್ಣ ಹಾಕದ ಬಿಳಿ, ಬೂದು, ಕಂದು. ಉಣ್ಣೆಯ ಜಿಡ್ಡನ್ನು ಪೂರ್ತಿ ತೊಳೆಯದೆ ಬಿಡುವುದರಿಂದ ಮಳೆ ತಡೆಯುತ್ತದೆ. ಇಲ್ಲೂ ಕೂಲಿಯ ಕಥೆ ಶೆಟ್‌ಲ್ಯಾಂಡಿನದ್ದೇ. ದಿನಸಿಗೆ ಬದಲಾಗಿ ಸ್ವೆಟರ್ ಕೊಟ್ಟವರು, ವ್ಯಾಪಾರಿ ಹೇಳಿದ ರೇಟಿಗೆ ಒಪ್ಪಿಕೊಂಡವರು ಬಹಳ.

2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ಗೆ ಹಡ್ಸನ್ಸ್ ಬೇ ಕಂಪನಿ ಅದೇ ರೂಪದ ಸ್ವೆಟರ್ ತಂದಿತು. ಹೆಣೆದವರು ಕೌಯಿಚನ್ ಜನ ಆಗಿರಲಿಲ್ಲ. ಅವರು ತಕರಾರು ಎತ್ತಿದರು. ಮಾತುಕತೆಯಾಗಿ, ಕೌಯಿಚನ್ ಹೆಣೆದ ಅಸಲಿ ಸ್ವೆಟರ್‌ಗಳನ್ನೂ ಅಂಗಡಿಯಲ್ಲಿ ಮಾರಲು ಒಪ್ಪಂದವಾಯಿತು. ಮನೆಯಲ್ಲಿ ನಮಗಾಗಿ ಹೆಣೆದುಕೊಳ್ಳುವುದು ಬೇರೆ, ಆ ಹೆಸರು ಹಾಕಿ ಮಾರುವುದು ಬೇರೆ. ಕೌಯಿಚನ್ ಅಂತ ಚೀಟಿ ಹಚ್ಚಿ ಮಾರುವ ಹಕ್ಕು ಅವರಿಗೆ ಮಾತ್ರ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅವರಿಂದ ಕಲಿತು ಹೆಣೆದದ್ದನ್ನು ಯಾರಿಗಾದರೂ ತೋರಿಸುವಾಗ ಎಲ್ಲಿಂದ ಕಲಿತೆವು ಅಂತ ಹೇಳಿಬಿಡೋಣ. ಅದಕ್ಕೆ ಒಂದು ವಾಕ್ಯ ಸಾಕು.

ಕೊನೆಗೆ ಲೆಕ್ಕ. ನಿಮ್ಮಲ್ಲಿ ಹಲವರು ನೋಟ್‌ಬುಕ್ ತೆಗೆದಿದ್ದೀರಿ, ಬರೆದುಕೊಳ್ಳಿ. ಸ್ವೆಟರ್ ಎದೆ ಸುತ್ತಳತೆ 40 ಇಂಚು, ಹೆಣಿಗೆ ಇಂಚಿಗೆ 5 ಕುಣಿಕೆ ಅಂದುಕೊಳ್ಳಿ. 200 ಕುಣಿಕೆ. ಎಲಿಜಬೆತ್ ಝಿಮ್ಮರ್‌ಮನ್ ಎಂಬ ಹೆಣಿಗೆಯ ಗುರು ಉಳಿದದ್ದನ್ನೆಲ್ಲ ಈ ಒಂದು ಸಂಖ್ಯೆಯ ಶೇಕಡಾ ಲೆಕ್ಕದಲ್ಲಿ ಹೇಳಿಕೊಟ್ಟರು. ಕೆಳಗಿನ ರಿಬ್, ಅಂದರೆ ಹಿಗ್ಗುವ ಅಂಚುಪಟ್ಟಿ, ಶೇ. 90, ಅಂದರೆ 180. ಮಣಿಕಟ್ಟು ಶೇ. 20, ಅಂದರೆ 40. ತೋಳಿನ ಮೇಲ್ಭಾಗ ಮೂರನೇ ಒಂದು ಭಾಗ, 66ರಿಂದ 70. ಕತ್ತು ಶೇ. 40, ಅಂದರೆ 80. ಯಾವ ನೂಲಿಗೂ ಯಾವ ಮೈಗೂ ಇದು ನಡೆಯುತ್ತದೆ, ಆಮೇಲೆ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಈ 200ರಲ್ಲಿ ಚಿತ್ರ ಕೂರಿಸಬೇಕು. ನಿಮ್ಮ ನಕ್ಷತ್ರ 24 ಕುಣಿಕೆ ಅಗಲ ಇದ್ದರೆ ಎಂಟು ನಕ್ಷತ್ರಕ್ಕೆ 192. ಎಂಟು ಕುಣಿಕೆ ಉಳಿಯಿತು. ಗ್ಯಾನ್ಸಿಯವರ ಉಪಾಯ ಮಾಡಿ. ಪ್ರತಿ ಪಕ್ಕದಲ್ಲಿ ನಾಲ್ಕು ಕುಣಿಕೆಯ ಸಣ್ಣ ಪಟ್ಟಿ ಬಿಡಿ, ಹೊಲಿಗೆಯ ಹಾಗೆ ಕಾಣುತ್ತದೆ, ಲೆಕ್ಕವೂ ಕೂಡುತ್ತದೆ. ಆದರೆ ಮುಂದೆ ನಾಲ್ಕು, ಹಿಂದೆ ನಾಲ್ಕು ನಕ್ಷತ್ರ ಬಂದಾಗ ಎದೆಯ ನಟ್ಟನಡುವೆ ಬರುವುದು ನಕ್ಷತ್ರವಲ್ಲ, ಎರಡು ನಕ್ಷತ್ರಗಳ ನಡುವಿನ ಜಾಗ. ಅದು ಕಣ್ಣಿಗೆ ಒಗ್ಗದಿದ್ದರೆ ನಕ್ಷತ್ರವನ್ನು 20 ಕುಣಿಕೆಗೆ ಇಳಿಸಿ. ಆಗ ಹತ್ತು ನಕ್ಷತ್ರ, ಮುಂದೆ ಐದು, ಹಿಂದೆ ಐದು. ನಡುವಿನದು ಸರಿಯಾಗಿ ಕತ್ತಿನ ಕೆಳಗೆ ಕೂರುತ್ತದೆ.

ಸ್ಯಾಂಪಲ್ ತುಂಡು ಹೆಣೆಯಲು ಬೇಸರ ಅಂತ ಎಲ್ಲರೂ ಹೇಳುತ್ತಾರೆ. ಅದರ ಬದಲು ಟೋಪಿ ಹೆಣೆಯಿರಿ. 100 ಕುಣಿಕೆ, 20ರ ಐದು ನಕ್ಷತ್ರ. ಸ್ವೆಟರ್‌ಗೆ ಬಳಸುವ ಅದೇ ನೂಲು, ಅದೇ ಕಡ್ಡಿ, ಅದೇ ಬಣ್ಣ, ಸುತ್ತ ಹೆಣಿಗೆಯೇ. ಮುಗಿದ ಮೇಲೆ ಒಗೆದು, ಒಣಗಿಸಿ, ನಕ್ಷತ್ರಗಳಿರುವ ಜಾಗದಲ್ಲಿ ಟೇಪ್ ಹಿಡಿಯಿರಿ. 20 ಇಂಚು ಬಂದರೆ ನಿಮ್ಮ ಲೆಕ್ಕ ಸರಿ. 18 ಬಂದರೆ ಹಿಂದಿನ ಎಳೆ ಬಿಗಿ ಎಳೆಯುತ್ತಿದ್ದೀರಿ, ಕಡ್ಡಿ ಒಂದು ಸೈಜ್ ದೊಡ್ಡದು ಮಾಡಿ. 22 ಬಂದರೆ ಸಣ್ಣದು ಮಾಡಿ. ಆಮೇಲೆ ಸ್ವೆಟರ್‌ಗೆ 200 ಕುಣಿಕೆ ಹಾಕಿ.